ಪಟ್ಟಣದ ತುಂಬ ಬ್ಯಾಂಕುಗಳಿದ್ದರೂ ಊರಿನ ಸಹಕಾರ ಸಂಘ ನಡೆಯುವುದು ಹೇಗೆ?

ಗೋಣಿಕೊಪ್ಪಲಿನಲ್ಲಿ ಇಷ್ಟೊಂದು ಬ್ಯಾಂಕು, ಚಿನ್ನದ ಸಾಲದ ಕಂಪನಿಗಳಿರುವಾಗ ಹಳ್ಳಿಯ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಠೇವಣಿ, ಸಾಲಗಾರರು ಎಲ್ಲಿಂದ ಬರುತ್ತಾರೆ, ಅಲ್ಲಿ ಹಣ ಇಡಬಹುದೇ ಎಂದು ಕೇಳಿದ್ದೀರಿ. ದಕ್ಷಿಣ ಕೊಡಗಿನ ಅಂಥ ಒಂದು ಸಂಘದಲ್ಲಿ ಐದು ವರ್ಷ ನಿರ್ದೇಶಕನಾಗಿದ್ದೆ.

ಬೆಳೆ ಸಾಲದಲ್ಲಿ ಬೇರೆಯವರು ನಮ್ಮ ಹತ್ತಿರವೂ ಸುಳಿಯಲಾರರು. ಗಡುವಿನೊಳಗೆ ಕಟ್ಟುವ ರೈತರಿಗೆ ಸಹಕಾರ ಸಂಘಗಳ ಮೂಲಕ ಬಡ್ಡಿಯೇ ಇಲ್ಲ. 3 ಲಕ್ಷ ರೂಪಾಯಿ ಇದ್ದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 5 ಲಕ್ಷಕ್ಕೆ ಏರಿಸಿತು. ಆದರೆ ಆ ಹಣದ ಬಹುಪಾಲು ಜಿಲ್ಲಾ ಕೇಂದ್ರ ಸಹಕಾರ (ಡಿಸಿಸಿ) ಬ್ಯಾಂಕಿನದು, ಸಂಘಕ್ಕೆ ಉಳಿಯುವುದು ಅಲ್ಪ. ಸಿಬ್ಬಂದಿಯ ಸಂಬಳ, ಸದಸ್ಯರ ಡಿವಿಡೆಂಡ್ ಹುಟ್ಟುವುದು ಆಭರಣ ಸಾಲದಂಥವುಗಳಿಂದ. ಅದಕ್ಕೆ ಸ್ವಂತ ಠೇವಣಿ ಬೇಕು. ನಿಜವಾದ ಪೈಪೋಟಿ ಅಲ್ಲಿ.

ನಾವು ಪಟ್ಟಣಕ್ಕಿಂತ ಅರ್ಧ ಶೇಕಡಾ ಬಡ್ಡಿ ಹೆಚ್ಚು ಕೊಡುತ್ತಿದ್ದೆವು. ಅದಕ್ಕಾಗಿಯೇ ಜನ ಬಂದರೆಂದು ನಾನು ನಂಬುವುದಿಲ್ಲ. ಒಂದು ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಿತು. ರೋಬಸ್ಟಾ ಕಾಫಿಯ ಮೊಗ್ಗು ಬಿರಿಯದೆ ನಿಂತಿತ್ತು. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಒಬ್ಬ ಬೆಳೆಗಾರರು ಹೆಂಡತಿಯ ಸರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕಾಯುತ್ತಿದ್ದರು. ಸ್ಪ್ರಿಂಕ್ಲರ್ ಮೋಟಾರಿಗೆ ಡೀಸೆಲ್ ಬೇಕಿತ್ತು. ಅಕ್ಕಸಾಲಿಗರು ಒರೆಗಲ್ಲಿಗೆ ಉಜ್ಜಿ ತೂಗಿದರು. ಹನ್ನೊಂದು ಗಂಟೆಗೆ ಹಣ ಕೈಯಲ್ಲಿತ್ತು. ಕಾಫಿ ಮಾರಿದ ಮೇಲೆ ಸರ ಬಿಡಿಸಿಕೊಳ್ಳಲು ಬಂದವರು ಮಿಕ್ಕ ಹಣವನ್ನು ನಮ್ಮಲ್ಲೇ ನಿಶ್ಚಿತ ಠೇವಣಿ ಇಟ್ಟರು.

ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿಯ ವಿಷಯವೂ ಹಾಗೆಯೇ. ಪಹಣಿಯಲ್ಲಿ ಕುಟುಂಬದ ಮುಖ್ಯಸ್ಥರಾದ ಪಟ್ಟೇದಾರರ ಜೊತೆ ಕುಟುಂಬದ ಹತ್ತಾರು ಹೆಸರು ಕಂಡರೆ, ದೂರದ ಊರಿನಿಂದ ವರ್ಗವಾಗಿ ಬಂದ ಮ್ಯಾನೇಜರ್ ಹಿಂಜರಿಯುತ್ತಾರೆ. ಯಾವ ತುಂಡನ್ನು ಯಾರು ನೋಡಿಕೊಳ್ಳುತ್ತಿದ್ದಾರೆ, ಯಾರ ಮೆಣಸು ಬಳ್ಳಿ ರೋಗಕ್ಕೆ ಸತ್ತಿತು ಎಂಬುದು ಸಂಘದ ಕಾರ್ಯದರ್ಶಿಗೆ ಗೊತ್ತು.

ಅದೇ ಪರಿಚಯ ನಮ್ಮ ಕೈಯನ್ನೂ ಕಟ್ಟಿಹಾಕಿತ್ತು. ನೆಂಟರು, ನೆರೆಯವರು ಎಂಬ ದಾಕ್ಷಿಣ್ಯಕ್ಕೆ ಕೆಲವು ಸುಸ್ತಿ ಸಾಲಗಳಿಗೆ ನೋಟಿಸ್ ಕಳುಹಿಸಲು ಎರಡು ವರ್ಷ ತಡಮಾಡಿದೆವು. ಅದು ತಪ್ಪು, ಆ ದಾಕ್ಷಿಣ್ಯದ ಬೆಲೆ ತೆರುವುದು ಠೇವಣಿದಾರರು.

ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವನ್ನು ಎಚ್ಚರಿಕೆಯಿಂದ ಕೊಡುತ್ತೇನೆ. ಬ್ಯಾಂಕಿನಲ್ಲಿ, ಡಿಸಿಸಿ ಬ್ಯಾಂಕ್ ಸೇರಿ, ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆಯಿದೆ. ಪ್ರಾಥಮಿಕ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಹಣ ಇಡುವ ಮುನ್ನ ವಾರ್ಷಿಕ ವರದಿ ಕೇಳಿ ಪಡೆಯಿರಿ. ಸುಸ್ತಿ ಎಷ್ಟು, ಲೆಕ್ಕಪರಿಶೋಧನೆಯಲ್ಲಿ ಯಾವ ವರ್ಗ ಸಿಕ್ಕಿದೆ ಎಂದು ನೋಡಿ. ಷೇರು ಕೊಂಡು ಸದಸ್ಯರಾದರೆ ಮಹಾಸಭೆಯಲ್ಲಿ ಎದ್ದುನಿಂತು ಕೇಳುವ ಹಕ್ಕೂ ನಿಮಗಿರುತ್ತದೆ.

ನನ್ನ ಮಗಳ ಓದಿಗೆ ಕೂಡಿಟ್ಟದ್ದು ಬ್ಯಾಂಕಿನಲ್ಲಿದೆ. ಕಾಫಿಯ ಹಣ ಪ್ರತಿ ವರ್ಷ ಸಂಘಕ್ಕೇ ಹೋಗುತ್ತದೆ.