ಹಣ್ಣಿಗೂ ಅದರ ಮರಕ್ಕೂ ಒಂದೇ ಹೆಸರೇ?

ಭಾಷೆಯಿಂದ ಭಾಷೆಗೆ ಇದು ಬದಲಾಗುತ್ತದೆ. ಕನ್ನಡದಲ್ಲಿ ‘ಮಾವು’ ಮೂಲತಃ ಮರ. ಅದಕ್ಕೆ ‘ಇನ’ ಸೇರಿದ ಮೇಲೆ ಮಾವಿನಕಾಯಿ, ಮಾವಿನಹಣ್ಣು, ಮಾವಿನೆಲೆ ಎಲ್ಲವೂ ಹುಟ್ಟುತ್ತವೆ. ‘ಮಾವು ಬಂತು’ ಎಂದರೆ ಹಣ್ಣೆಂದು ಸಂದರ್ಭದಿಂದಲೇ ತಿಳಿಯುತ್ತದೆ. ತೆಂಗಿಗೆ ಮಾತ್ರ ಕಾಯಿಯೇ ಕೊನೆ. ಎಷ್ಟೇ ಬಲಿತರೂ ಅದನ್ನು ತೆಂಗಿನಹಣ್ಣು ಎನ್ನುವುದಿಲ್ಲ.

ಸಂಸ್ಕೃತದ ದಾರಿ ಬೇರೆ. ಅಲ್ಲಿ ಲಿಂಗವೇ ಅರ್ಥವನ್ನು ಬದಲಿಸುತ್ತದೆ. ‘ಆಮ್ರಃ’ ಪುಲ್ಲಿಂಗ, ಮಾವಿನ ಮರ; ‘ಆಮ್ರಂ’ ನಪುಂಸಕಲಿಂಗ, ಅದರ ಹಣ್ಣು. ನೆಲ್ಲಿಯ ಮರ ‘ಆಮಲಕೀ’, ಕಾಯಿ ‘ಆಮಲಕಂ’. ಇದಕ್ಕೆಂದೇ ಪಾಣಿನಿ ‘ಫಲೇ ಲುಕ್’ ಎಂಬ ಪುಟ್ಟ ಸೂತ್ರ ಬರೆದಿದ್ದಾನೆ: ಫಲ ಎಂಬ ಅರ್ಥದಲ್ಲಿ ಪ್ರತ್ಯಯ ಲೋಪವಾಗುತ್ತದೆ. ಎರಡೇ ಪದಗಳಲ್ಲಿ ಇಡೀ ತೋಟವನ್ನು ಹಿಡಿದಿಟ್ಟ ಈ ಸೂತ್ರ ನನಗೆ ಬಹಳ ಪ್ರಿಯ.

ಅಚ್ಚರಿಯೆಂದರೆ, ಲ್ಯಾಟಿನ್ನಿನಲ್ಲೂ ಇದೇ ಉಪಾಯವಿದೆ. ಸೇಬಿನ ಮರ ‘ಮಾಲುಸ್’ ಸ್ತ್ರೀಲಿಂಗ, ಹಣ್ಣು ‘ಮಾಲುಮ್’ ನಪುಂಸಕ. ಅದರ ಮಗಳಾದ ಇಟಾಲಿಯನ್ನಿನಲ್ಲಿ ನಪುಂಸಕಲಿಂಗ ಬಹುಮಟ್ಟಿಗೆ ಅಳಿಯಿತು. ಹಣ್ಣಿನ ಬಹುವಚನ ರೂಪದ ಕೊನೆಯ ‘ಆ’ ಸ್ವರ ಸ್ತ್ರೀಲಿಂಗದಂತೆ ಕೇಳಿಸಿ, ಲೆಕ್ಕ ತಿರುಗುಮುರುಗಾಯಿತು: ಈಗ ಮರ ‘ಮೆಲೊ’ ಪುಲ್ಲಿಂಗ, ಹಣ್ಣು ‘ಮೆಲಾ’ ಸ್ತ್ರೀಲಿಂಗ. ಕಿತ್ತಳೆಗೂ ಹಾಗೆಯೇ, ‘ಅರಾಂಚೊ’ ಮರ, ‘ಅರಾಂಚಾ’ ಹಣ್ಣು. ಅಂಜೂರ ಮಾತ್ರ ಈ ನಿಯಮಕ್ಕೆ ಬಗ್ಗಿಲ್ಲ. ಮರವೂ ‘ಫೀಕೊ’, ಹಣ್ಣೂ ‘ಫೀಕೊ’. ಫ್ರೆಂಚರು ಹಣ್ಣಿನಿಂದಲೇ ಮರಕ್ಕೆ ಹೆಸರು ಕಟ್ಟುತ್ತಾರೆ: ‘ಪೊಮ್’ ಸೇಬು, ‘ಪೊಮಿಯೆ’ ಸೇಬಿನ ಮರ.