ಗೆರೆ ಯಾರದ್ದು ಅಂತ ಬರೆಯಿರಿ

ನಮಸ್ಕಾರ.

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಮಲ್ಲೇಶ್ವರದ ನಿಮ್ಮ ಗೆಳೆಯರ ಗುಂಪು ಎಲ್ಲ ದೇಶಗಳ ಸಮುದ್ರ ಗಡಿಯ ವಿವರಗಳನ್ನು ಒಂದೇ ಪಟ್ಟಿಗೆ ಸೇರಿಸುತ್ತಿದೆ, ಅದನ್ನು ಯಾರು ಬೇಕಾದರೂ ಬಳಸಬಹುದು. ಕನ್ನಡದಲ್ಲಿ ಇದು ಬರಲೇಬೇಕಾದ ವಿಷಯ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಮೊದಲ ಮೂರು ಪುಟ ತೆಗೆದುಬಿಡಿ. ಅಲೆ, ಹಡಗು, ಹಳೆಯ ವ್ಯಾಪಾರ, ಇದನ್ನೆಲ್ಲ ಯಾರು ಬೇಕಾದರೂ ಬರೆಯುತ್ತಾರೆ. ದಡದಿಂದ 12 ನಾಟಿಕಲ್ ಮೈಲಿವರೆಗೆ (ಒಂದು ನಾಟಿಕಲ್ ಮೈಲಿ ಅಂದರೆ ಸುಮಾರು 1.85 ಕಿ.ಮೀ.) ದೇಶದ ಸ್ವಂತ ನೀರು, 200ರವರೆಗೆ ಮೀನು, ತೈಲದ ಹಕ್ಕು. 1982ರ ಸಮುದ್ರ ಕಾನೂನು ಒಪ್ಪಂದದ ಬಗ್ಗೆ ಇಷ್ಟು ಸಾಕು.

ನಿಮ್ಮ ನಿಜವಾದ ಲೇಖನ ಏಳನೇ ಪುಟದಲ್ಲಿದೆ. ಅದಕ್ಕೆ ನೀವು ಕೊಟ್ಟಿರುವುದು ನಾಲ್ಕೇ ಸಾಲು! 1974ರ ಭಾರತ–ಶ್ರೀಲಂಕಾ ಒಪ್ಪಂದ ಪಾಕ್ ಜಲಸಂಧಿಯ ಗಡಿಯನ್ನು ಆರು ಬಿಂದುಗಳಲ್ಲಿ ಗುರುತಿಸುತ್ತದೆ. ಮೂರನೇ ಬಿಂದುವಿನ ಅಕ್ಷಾಂಶ 9 ಡಿಗ್ರಿ 40.15 ನಿಮಿಷ (ಇಲ್ಲಿ ಒಂದು ಡಿಗ್ರಿಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡ್). ನಿಮ್ಮವರೊಬ್ಬರು ಅದನ್ನು 40 ನಿಮಿಷ 15 ಸೆಕೆಂಡ್ ಅಂತ ಟೈಪ್ ಮಾಡಿದರು. ನಾಲ್ಕನೇ ಬಿಂದು 21.80 ನಿಮಿಷ, ಅದು 21 ನಿಮಿಷ 80 ಸೆಕೆಂಡ್ ಆಯಿತು. ಸೆಕೆಂಡು 60 ದಾಟೋದು ಹೇಗೆ ಅಂತ ಇನ್ನೊಬ್ಬರು ಕೇಳಿದರು, ತಪ್ಪು ಸಿಕ್ಕಿತು. ಅಲ್ಲಿಗೇ ಬಿಟ್ಟು ಮುಂದೆ ಹೋಗಿದ್ದೀರಿ. ಯಾಕೆ? ಅಲ್ಲೇ ನಿಲ್ಲಿ. 0.15 ನಿಮಿಷ ಅಂದರೆ 9 ಸೆಕೆಂಡ್. 15 ಅಂತ ಹಾಕಿದರೆ 6 ಸೆಕೆಂಡ್ ಜಾಸ್ತಿ, ಬಿಂದು ಸುಮಾರು 185 ಮೀಟರ್ ಉತ್ತರಕ್ಕೆ ಸರಿಯುತ್ತದೆ. ಆ ನೀರಿನಲ್ಲಿ ಗೆರೆ ದಾಟಿದರು ಅಂತ ರಾಮೇಶ್ವರದ ಮೀನುಗಾರರು ಇವತ್ತಿಗೂ ಬಂಧನಕ್ಕೊಳಗಾಗುತ್ತಾರೆ. ಹೀಗಿರುವಾಗ ಒಂದು ದಶಮಾಂಶ ಚುಕ್ಕಿಯನ್ನು ತಪ್ಪಾಗಿ ಓದುವುದು ಸಣ್ಣ ಮಾತಲ್ಲ. ಲೇಖನ ಇಲ್ಲಿಂದಲೇ ಶುರುವಾಗಲಿ.

ನನ್ನ ದೊಡ್ಡ ತಕರಾರು ನಿಮ್ಮ ನಕ್ಷೆಯ ಬಗ್ಗೆ. ಪಾಕ್ ಜಲಸಂಧಿಯದು ಇಬ್ಬರೂ ಕೂತು ಒಪ್ಪಿಕೊಂಡ ಗೆರೆ. ಬಾಂಗ್ಲಾದೇಶದ ಜೊತೆಗಿನದು 2014ರಲ್ಲಿ ನ್ಯಾಯಮಂಡಳಿ ತೀರ್ಮಾನಿಸಿದ್ದು. ದಕ್ಷಿಣ ಚೀನಾ ಸಮುದ್ರದ ಒಂಬತ್ತು ತುಂಡು ಗೆರೆ ಚೀನಾ ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುವುದು. ಅದರೊಳಗೆ ಚೀನಾ ಕೇಳುವ ಚಾರಿತ್ರಿಕ ಹಕ್ಕಿಗೆ ಕಾನೂನಿನ ಆಧಾರ ಇಲ್ಲ ಅಂತ 2016ರಲ್ಲಿ ತೀರ್ಪು ಬಂತು, ಚೀನಾ ಒಪ್ಪಲಿಲ್ಲ. ನಿಮ್ಮ ನಕ್ಷೆಯಲ್ಲಿ ಮೂರೂ ಒಂದೇ ಕಪ್ಪು ಗೆರೆ. ಓದುಗ ಮೂರನ್ನೂ ಒಂದೇ ಅಂತ ನಂಬುತ್ತಾನೆ, ಅಲ್ವಾ? ದೇಶಗಳು ಕೊಟ್ಟ ನಕ್ಷೆ, ಬಿಂದುಗಳನ್ನು ವಿಶ್ವಸಂಸ್ಥೆ ತನ್ನಲ್ಲಿ ಇಟ್ಟುಕೊಳ್ಳುತ್ತದೆ ನಿಜ, ಆದರೆ ಅಷ್ಟಕ್ಕೇ ಅದು ಒಪ್ಪಿತು ಅಂತಲ್ಲ. ಬೆಲ್ಜಿಯಂನ ಫ್ಲಾಂಡರ್ಸ್ ಸಾಗರ ಸಂಸ್ಥೆ ತನ್ನ ದತ್ತಾಂಶದಲ್ಲಿ ಎರಡು ದೇಶಗಳೂ ನಮ್ಮದು ಅನ್ನುವ ಜಾಗವನ್ನು ಬೇರೆಯಾಗಿಯೇ ತೋರಿಸುತ್ತದೆ. ನಿಮ್ಮ ಪಟ್ಟಿಯಲ್ಲೂ 'ಯಾರು ಹೇಳಿದ್ದು, ಯಾವಾಗ, ಯಾರು ಒಪ್ಪಿಲ್ಲ' ಅನ್ನುವ ಕಾಲಂಗಳಿವೆ ಅಂತ ನೀವೇ ಬರೆದಿದ್ದೀರಿ. ಪಟ್ಟಿಯಲ್ಲಿರುವ ಆ ಪ್ರಾಮಾಣಿಕತೆ ಲೇಖನಕ್ಕೂ ಬರಲಿ.

ಕೊನೆಯ 'ಮಾಹಿತಿಗೆ ಗಡಿಯಿಲ್ಲ' ಅನ್ನುವ ಪ್ಯಾರಾ ಸುಮ್ನೆ ಹೊಡೆದುಹಾಕಿ. ಆ ಜಾಗದಲ್ಲಿ ಸರ್ ಕ್ರೀಕ್ ಬಗ್ಗೆ ಬರೆಯಿರಿ. ಗುಜರಾತಿನ ಕಛ್‌ನಲ್ಲಿ ಸಮುದ್ರ ಒಳನುಗ್ಗಿದ ಆ ಕಿರಿದಾದ ಕ್ರೀಕಿನ ನಡುವೆ ಗಡಿ ಅಂತ ಭಾರತ, ಪೂರ್ವ ದಡದಲ್ಲಿ ಅಂತ ಪಾಕಿಸ್ತಾನ. ನೆಲದ ಗಡಿ ಎಲ್ಲಿ ಮುಗಿಯುತ್ತದೆ ಅನ್ನೋದೇ ತೀರ್ಮಾನ ಆಗದೆ ಸಮುದ್ರದ ಗೆರೆ ಎಲ್ಲಿಂದ ಹೊರಡಬೇಕು? ಪಟ್ಟಿಯ ಆ ಸಾಲಿನಲ್ಲಿ ನಿಮ್ಮ ಗುಂಪು ಏನು ತುಂಬಿದೆ? ಎರಡೂ ಗೆರೆ ಹಾಕಿದ್ದೀರಾ, ಖಾಲಿ ಬಿಟ್ಟಿದ್ದೀರಾ? ನಿಮ್ಮೊಳಗೆ ಜಗಳ ಆಗಿದ್ದರೆ ಅದನ್ನೂ ಬರೆಯಿರಿ. 1,200 ಪದದೊಳಗೆ ಹೊಸ ಪ್ರತಿ ಕಳಿಸಿ, ಬಂದ ಕೂಡಲೇ ಓದುತ್ತೇನೆ.

ಇತಿ,
ಸಂಪಾದಕ