ಪಾರ್ಶ್ವವಾಯು ಆದ ಅಮ್ಮನಿಗೆ ಹಳೆಯ ಮನೆಯ ಬಚ್ಚಲನ್ನು ಹೇಗೆ ಸರಿಮಾಡಿಸಲಿ?

ನೀವು ಕೇಳಿದ್ದು ಇಷ್ಟು: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಹಳೆಯ ಮನೆ, ಬಚ್ಚಲು ಅಂಗಳದ ಆಚೆ, ಅಮ್ಮನ ಬಲಗೈ ಬಲಗಾಲಿಗೆ ಶಕ್ತಿ ಇಲ್ಲ, ಮಳೆಗಾಲಕ್ಕೆ ಮೊದಲು ಏನೇನು ಮಾಡಿಸಬೇಕು ಅಂತ. ನಮ್ಮದು ನೀರ್ಚಾಲು ಕಡೆ. ಅಪ್ಪನನ್ನು ಆರು ವರ್ಷ ಇಂಥದ್ದೇ ಬಚ್ಚಲಿಗೆ ಕೈಹಿಡಿದು ಕರೆದುಕೊಂಡು ಹೋಗಿದ್ದೇನೆ.

ಮೊದಲು, ಹಿಡಿದು ಏಳಲು ಗೋಡೆಗೆ ಹಾಕುವ ಹಿಡಿಯ ವಿಷಯ. ಅಪ್ಪ ಬಿದ್ದದ್ದು ನೆಲ ಜಾರಿ ಅಲ್ಲ. ಏಳುವಾಗ ಬೈರಾಸು (ಟವೆಲ್) ಹಾಕುವ ಸರಳನ್ನು ಹಿಡಿದರು, ಅದು ಸ್ಕ್ರೂ ಸಮೇತ ಕಿತ್ತು ಬಂತು. ನಾನು ಓಡಿ ಹೋದಾಗ ಸರಳು ಇನ್ನೂ ಅವರ ಕೈಯಲ್ಲೇ ಇತ್ತು, ಅಂಗೈ ತುಂಬ ಮುರಕಲ್ಲಿನ ಕೆಂಪು ಹುಡಿ. ನಮ್ಮ ಕಡೆ ಸಿಮೆಂಟು ಸಾರಣೆಯ ಹಿಂದೆ ಇರುವುದು ಮೆತ್ತಗಿನ, ತೂತು ತೂತು ಕಲ್ಲು. ಸಣ್ಣ ಪ್ಲಾಸ್ಟಿಕ್ ಪ್ಲಗ್ ಅದರಲ್ಲಿ ನಿಲ್ಲುವುದಿಲ್ಲ. ಉದ್ದ ಬೋಲ್ಟನ್ನು ಗೋಡೆಯ ಆಚೆ ಬದಿಗೆ ದಾಟಿಸಿ, ಅಲ್ಲಿ ಲೋಹದ ಪಟ್ಟಿ ಕೊಟ್ಟು ನಟ್ಟು ಬಿಗಿಯಲು ಮೇಸ್ತ್ರಿಗೆ ಹೇಳಿ. ಎಲ್ಲಾ ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ, ಮಳೆಗೆ ತುಕ್ಕು ಹಿಡಿಯಬಾರದು. ಪೈಪು 32ರಿಂದ 38 ಮಿ.ಮೀ. ದಪ್ಪ ಇದ್ದರೆ ಮುಷ್ಟಿಗೆ ಸರಿಯಾಗಿ ಸಿಗುತ್ತದೆ. ಗೋಡೆಗೆ ಒತ್ತಿ ಅಂಟಿಸುವ ರಬ್ಬರ್ ಹಿಡಿ ಬೇಡವೇ ಬೇಡ.

ಯಾವ ಗೋಡೆಗೆ ಹಾಕಬೇಕು? ಅಮ್ಮನ ಗಟ್ಟಿ ಕೈ ಎಡಗೈ, ಅಲ್ವಾ? ಹಾಗಾದರೆ ಅವರು ಕುಳಿತಾಗ ಎಡಕ್ಕೆ ಬರುವ ಗೋಡೆಗೆ. ಒಳಗೆ ಹೋಗುವಾಗ ಎಡಕ್ಕಿದ್ದ ಗೋಡೆ ತಿರುಗಿ ಕುಳಿತ ಮೇಲೆ ಬಲಕ್ಕಾಗುತ್ತದೆ. ನಾವು ತಪ್ಪಿದ್ದೇ ಇಲ್ಲಿ, ಎರಡನೇ ಸಲ ಗೋಡೆ ಕೊರೆಸಬೇಕಾಯಿತು. ಮೇಸ್ತ್ರಿ ಬರುವ ಮೊದಲು ಅಮ್ಮನನ್ನೇ ಅಲ್ಲಿ ಕೂರಿಸಿ. ಏಳಲು ನೋಡುವಾಗ ಎಡಗೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ.

ಕೂರುವ ಎತ್ತರ 45ರಿಂದ 48 ಸೆ.ಮೀ. ಇದ್ದರೆ ಏಳುವುದು ಸುಲಭ. ಈಗ ಇರುವುದು ನೆಲದ ಕಕ್ಕಸಾದರೆ ಒಡೆಯಬೇಕಾಗಿಲ್ಲ, ಅದರ ಮೇಲೆ ನಾಲ್ಕು ಕಾಲಿನ ಕಮೋಡ್ ಕುರ್ಚಿ ಇಡಬಹುದು. ಬಾಗಿಲು ಹೊರಕ್ಕೆ ತೆರೆಯುವಂತೆ ತಿರುಗಿಸಿ. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾಗಿದ್ದರೆ ನೂಕಿ ತೆರೆಯುವುದು ಹೇಗೆ? ಚಿಲಕ ಹೊರಗಿನಿಂದಲೂ ತೆರೆಯುವಂತಿರಲಿ. ಮುಂದೆ ಗಾಲಿಕುರ್ಚಿ ಬೇಕಾದೀತು ಅನ್ನಿಸಿದರೆ ದಾರಂದವನ್ನು ಈಗಲೇ 90 ಸೆ.ಮೀ. ಅಗಲ ಮಾಡಿಸಿ, ಹೊಸ್ತಿಲು ತೆಗೆಸಿಬಿಡಿ.

ಜೂನ್ ಬಂತೆಂದರೆ ಅಂಗಳದ ದಾರಿಯೇ ದೊಡ್ಡ ಅಪಾಯ. ಒಂದು ವಾರದ ಮಳೆಗೆ ಪಾಚಿ ಹಿಡಿಯುತ್ತದೆ. ಮೇಲೆ ಶೀಟು, ಪಕ್ಕಕ್ಕೆ ಹಿಡಿದು ನಡೆಯಲು ಕಂಬಿ ಹಾಕಿಸಿ. ಪಾಚಿಗೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಗಟ್ಟಿ ಬ್ರಶ್ಶಿನಲ್ಲಿ ತಿಕ್ಕಿ ತೊಳೆಯಬೇಕು. ಅದರ ಜೊತೆ ಕಕ್ಕಸು ತೊಳೆಯುವ ಆಸಿಡ್ ಮಾತ್ರ ಎಂದೂ ಸೇರಿಸಬೇಡಿ, ಕ್ಲೋರಿನ್ ಅನಿಲ ಬಂದು ಉಸಿರು ಕಟ್ಟುತ್ತದೆ. ಒಳಗಿನ ನೆಲಕ್ಕೆ ಒರಟು ಮೈಯ ಸಣ್ಣ ಟೈಲ್ಸ್ ಒಳ್ಳೆಯದು. ಆದರೆ ಎಣ್ಣೆ ಸ್ನಾನದ ಜಿಡ್ಡು ಕೂತರೆ ಅದೂ ಜಾರುತ್ತದೆ. ಎಣ್ಣೆ ಹಚ್ಚಿದ ದಿನ ಸ್ನಾನ ಮುಗಿದ ಕೂಡಲೇ ಸೋಪಿನ ಹುಡಿ ಹಾಕಿ ತಿಕ್ಕಿ.

ಹಂಡೆಯ ಬಿಸಿನೀರಿನ ಬಗ್ಗೆ ತುಂಬಾ ಜಾಗ್ರತೆ. ಪಾರ್ಶ್ವವಾಯು ಆದ ಬದಿಗೆ ಬಿಸಿ ಗೊತ್ತಾಗದೇ ಇರಬಹುದು. ಬಾಲ್ದಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ನೀವು ಕೈ ಹಾಕಿ ನೋಡಿ, ಅಮ್ಮನೂ ಎಡಗೈ ಹಾಕಿ ನೋಡಲಿ. ಬಾಲ್ದಿಯನ್ನು ಸ್ಟೂಲಿನ ಮೇಲಿಟ್ಟರೆ ಬಗ್ಗುವುದು ತಪ್ಪುತ್ತದೆ.

ಕೇರಳದಲ್ಲಿ 2008ರಿಂದಲೇ ಪಾಲಿಯೇಟಿವ್ ಕೇರ್ (ದೀರ್ಘ ಕಾಯಿಲೆಯವರ, ಹಾಸಿಗೆ ಹಿಡಿದವರ ಆರೈಕೆ) ನೀತಿ ಇದೆ, ಪಂಚಾಯತಿನ ಕಡೆಯಿಂದ ನರ್ಸ್ ಮನೆಗೇ ಬರುತ್ತಾರೆ. ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ. ಬಂದಾಗ ಅಮ್ಮನನ್ನು ನೋಡಿ ಹೋದರೆ ಸಾಲದು, ಬಚ್ಚಲನ್ನೂ ತೋರಿಸಿ ಕೇಳಿ.

ಇನ್ನೊಂದು, ತಿಂಗಳಿಗೊಮ್ಮೆ ನೀವೇ ಹಿಡಿಗೆ ಜೋತುಬಿದ್ದು ಎಳೆದು ನೋಡಿ, ಸ್ವಲ್ಪ ಅಲುಗಿದರೂ ಅವತ್ತೇ ಬಿಗಿಸಿ. ಕುರ್ಚಿಯ ಕಾಲನ್ನೂ ಎತ್ತಿ ನೋಡಿ. ಅಡಿಯ ರಬ್ಬರು ಸವೆದು ನುಣ್ಣಗಾಗಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಒಂದನ್ನೇ ಬದಲಿಸಿದರೆ ಕುರ್ಚಿ ಓಲಾಡುತ್ತದೆ.